ಎರಾಸ್ಮಸ್ ಪ್ಲಸ್ ಯುವ ವಿನಿಮಯ: ಅರ್ಜಿಗೆ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ. ಜರ್ಮನಿಯಲ್ಲಿರುವ ನಮ್ಮ ಕನ್ನಡ ಯುವಬಳಗದಿಂದ ಎರಾಸ್ಮಸ್ ಪ್ಲಸ್ ಯುವ ವಿನಿಮಯಕ್ಕೆ, ಅಂದರೆ ಬೇರೆ ಬೇರೆ ದೇಶದ ಯುವಜನರು ಒಂದೆಡೆ ಸೇರಿ ಕಲಿಯಲು ಯುರೋಪಿಯನ್ ಒಕ್ಕೂಟ ಅನುದಾನ ಕೊಡುವ ಕಾರ್ಯಕ್ರಮಕ್ಕೆ, ಅರ್ಜಿ ಹಾಕಲಿದ್ದೇವೆ. ಕೊನೆಯ ಗಡುವು ಅಕ್ಟೋಬರ್ 1, ಬ್ರಸೆಲ್ಸ್ ಸಮಯ ಮಧ್ಯಾಹ್ನ 12 ಗಂಟೆ. ಸಂಜೆಯವರೆಗೂ ಸಮಯವಿದೆ ಅಂದುಕೊಂಡು ಕೂತರೆ ಅರ್ಜಿಯ ಒಂದು ಸುತ್ತೇ ಕೈತಪ್ಪುತ್ತದೆ.

ವಯಸ್ಸು 13ರಿಂದ 30, ಕಾರ್ಯಕ್ರಮ ಶುರುವಾಗುವ ದಿನಕ್ಕೆ ಲೆಕ್ಕ. ತಂಡದ ನಾಯಕರಿಗೆ 18 ತುಂಬಿರಬೇಕು, ಗರಿಷ್ಠ ಮಿತಿಯಿಲ್ಲ. ನೋಡುವುದು ಪೌರತ್ವವನ್ನಲ್ಲ, ವಾಸವನ್ನು. ಭಾರತದ ಪಾಸ್‌ಪೋರ್ಟ್ ಇದ್ದರೂ ಇಲ್ಲಿನ ವಾಸದ ಪರವಾನಗಿ ಇದ್ದವರು ಬರಬಹುದು. ಊರಿನಲ್ಲಿರುವ ತಮ್ಮ, ತಂಗಿಯರನ್ನು ಸೇರಿಸಲಾಗದು, ದಯವಿಟ್ಟು ಅವರಿಗೆ ಆಸೆ ಹುಟ್ಟಿಸಬೇಡಿ.

ನಾಯಕರನ್ನು ಬಿಟ್ಟು ಒಟ್ಟು 16ರಿಂದ 60 ಮಂದಿ, ಪ್ರತಿ ದೇಶದ ತಂಡದಲ್ಲಿ ಕನಿಷ್ಠ 4. ಅವಧಿ 5ರಿಂದ 21 ದಿನ, ಪ್ರಯಾಣದ ದಿನಗಳು ಇದರಲ್ಲಿ ಸೇರುವುದಿಲ್ಲ.

ಹೆಚ್ಚು ಎಡವುವುದು ಹಣದ ಲೆಕ್ಕದಲ್ಲಿ. ಪ್ರಯಾಣಕ್ಕೆ ಟಿಕೆಟ್ ಬೆಲೆಯಲ್ಲ, ದೂರದ ಹಂತಕ್ಕೆ ತಕ್ಕ ನಿಗದಿತ ಮೊತ್ತ. ಯುರೋಪಿಯನ್ ಆಯೋಗದ ಆನ್‌ಲೈನ್ ದೂರ ಲೆಕ್ಕಕದಲ್ಲಿ ಒಂದು ಕಡೆಯ ಕಿಲೋಮೀಟರ್ ಮಾತ್ರ ಹಾಕಿ. ಸಿಗುವ ಮೊತ್ತ ಹೋಗಿಬರುವುದಕ್ಕೆ. ಎರಡರಷ್ಟು ಹಾಕಿದರೆ ತಪ್ಪು ಹಂತಕ್ಕೆ ಬೀಳುತ್ತದೆ. ವೀಸಾ ಖರ್ಚನ್ನು ಬೇರೆ ಶೀರ್ಷಿಕೆಯಲ್ಲಿ ತೋರಿಸಬೇಕು, ರಸೀದಿ ಜೋಪಾನ.

ಇನ್ನೊಂದು: ಬರೀ ನೃತ್ಯ ಪ್ರದರ್ಶನದ ಪ್ರವಾಸ, ಉತ್ಸವ, ರಜೆಯ ಸುತ್ತಾಟಕ್ಕೆ ಅನುದಾನವಿಲ್ಲ. ಯಕ್ಷಗಾನ ಇರಲಿ, ಆದರೆ ಭಾಗವಹಿಸುವ ಎಲ್ಲ ದೇಶದವರು ಕೂಡಿ ಕಲಿಯುವ ಕಾರ್ಯಾಗಾರವಾಗಿರಲಿ.

ಒಬ್ಬರೇ ಸ್ವಯಂಸೇವೆಗೆ ಹೋಗುವವರಿಗೆ ಯುರೋಪಿಯನ್ ಸಾಲಿಡಾರಿಟಿ ಕೋರ್ ಇದೆ: 18ರಿಂದ 30 ವರ್ಷ, ಊಟ, ವಸತಿ, ಕೈಖರ್ಚು ಸಿಗುತ್ತದೆ.

ಯುವ ವಿನಿಮಯಕ್ಕೆ ಬರುವವರು ಹೆಸರು, ಹುಟ್ಟಿದ ದಿನ, ಪರವಾನಗಿಯ ಅವಧಿಯನ್ನು ಈ ಭಾನುವಾರದೊಳಗೆ ನನಗೆ ಖಾಸಗಿಯಾಗಿ ಕಳಿಸಿ, ಗುಂಪಿನಲ್ಲಿ ಬೇಡ. 18 ತುಂಬದವರ ತಂದೆತಾಯಿ ಒಪ್ಪಿಗೆ ಪತ್ರವನ್ನೂ ಕೊಡಬೇಕು.