ಎಂಜಿನ್ ಲೈಟ್: ಅಳಿಸುವ ಮೊದಲು ಕೋಡ್ ಬರೆದುಕೊಳ್ಳಿ

ಮಾನ್ಯರೇ,

ಬಿಎಸ್–6 (ಹೊಗೆ ನಿಯಂತ್ರಣದ ಹೊಸ ಮಾನದಂಡದ) ಡೀಸೆಲ್ ಪಿಕಪ್‌ನಲ್ಲಿ ತರಕಾರಿ, ಹಾಲು, ಸಿಮೆಂಟ್ ಸಾಗಿಸುವವರ ಬಾಯಲ್ಲಿ ಈಗ ಒಂದೇ ದೂರು: ‘ಎಂಜಿನ್ ಲೈಟ್ ಬಂದಿತ್ತು, ಸ್ಕ್ಯಾನರ್ ಹಾಕಿಸಿ ಡಿಲೀಟ್ ಮಾಡಿಸಿದೆ, ನಾಲ್ಕು ದಿನಕ್ಕೆ ಮತ್ತೆ ಬಂತು.’ ಎರಡು ಮೂರು ಸಲ ಹೀಗಾದ ಮೇಲೆ ಒಬ್ಬರು ಸೆನ್ಸರ್ ಬದಲಿಸಿ ಅನ್ನುತ್ತಾರೆ, ಇನ್ನೊಬ್ಬರು ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಒಡೆದು ಖಾಲಿ ಮಾಡಿಸಿ ಅನ್ನುತ್ತಾರೆ. ದುಡ್ಡು ಹೋಗುತ್ತದೆ, ಲೈಟ್ ಹೋಗುವುದಿಲ್ಲ. ಕೋಡ್ (ಗಾಡಿ ದಾಖಲಿಸಿದ ದೋಷದ ನಂಬರ್) ಅಳಿಸಿದ್ದನ್ನೇ ರಿಪೇರಿ ಎಂದು ಬಿಲ್ ಮಾಡುವ ಈ ಅಭ್ಯಾಸ ನಿಲ್ಲಬೇಕು.

ಅಳಿಸಿದರೆ ಆಗುವ ನಷ್ಟ ಏನೆಂದು ಗಾಡಿ ಮಾಲೀಕರು ತಿಳಿದಿರಲಿ. ಲೈಟ್ ಹೊತ್ತಿಸುವಾಗ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಆ ಕ್ಷಣದ ವೇಗ, ಆರ್‌ಪಿಎಂ, ಲೋಡ್, ಕೂಲಂಟ್ ಬಿಸಿ ಇವನ್ನೆಲ್ಲ ಕೋಡ್ ಜೊತೆಗೇ ಬರೆದಿಟ್ಟುಕೊಳ್ಳುತ್ತದೆ. ಸ್ಕ್ಯಾನರ್‌ನಲ್ಲಿ ಅದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ಡಿಲೀಟ್ ಒತ್ತಿದರೆ ಅದೂ ಅಳಿಸಿಹೋಗುತ್ತದೆ. ಬ್ಯಾಟರಿ ಟರ್ಮಿನಲ್ ಬಿಚ್ಚಿದರೂ ಕೆಲವು ಗಾಡಿಗಳಲ್ಲಿ ಇದೇ ಗತಿ. ಹೆಚ್ಚಿನ ದೋಷಗಳು ಸತತ ಎರಡು ಓಡಾಟದಲ್ಲಿ ಕಂಡರೆ ಮಾತ್ರ ಲೈಟ್ ಹೊತ್ತುತ್ತದೆ. ಹಾಗಾಗಿ ಡಿಲೀಟ್ ಆದ ಮೇಲೆ ಒಂದೆರಡು ದಿನ ಎಲ್ಲ ಸರಿಹೋದಂತೆ ಕಾಣುತ್ತದೆ. ನಿಜವಾಗಿ ದೋಷ ಹೋಗಿದ್ದರೆ ಸತತ ಮೂರು ಓಡಾಟದ ನಂತರ ಲೈಟ್ ತಾನಾಗಿಯೇ ಆರುತ್ತದೆ, ಯಾರೂ ಅಳಿಸಬೇಕಿಲ್ಲ.

ಆದ್ದರಿಂದ ಸ್ಕ್ಯಾನರ್ ಹಾಕಿದ ತಕ್ಷಣ ಕೋಡ್ ನಂಬರ್, ಪೆಂಡಿಂಗ್ ಕೋಡ್ (ದೋಷ ಕಂಡರೂ ಇನ್ನೂ ಲೈಟ್ ಹೊತ್ತಿಸದ ಕೋಡ್), ಫ್ರೀಜ್ ಫ್ರೇಮ್, ಆಗಿನ ಕಿಲೋಮೀಟರ್ ನಾಲ್ಕನ್ನೂ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಕೋಡ್ ನಂಬರ್ ಬಿಲ್ಲಿನ ಮೇಲೆ ಬರೆದುಕೊಡಿ ಎಂದು ಕೇಳಿ. ಇದನ್ನು ಕೇಳುವ ಹಕ್ಕು ದುಡ್ಡು ಕೊಡುವವರಿಗಿದೆ.

ಫ್ರೀಜ್ ಫ್ರೇಮ್ ಎಷ್ಟು ಹೇಳುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಪಿ2463 ಎಂದರೆ ಡಿಪಿಎಫ್‌ನಲ್ಲಿ ಮಸಿ ಹೆಚ್ಚಾಗಿದೆ ಎಂದರ್ಥ. ಗಾಡಿ ಮುಕ್ಕಾಲು ಗಂಟೆ ಓಡಿದ ಮೇಲೆ ಈ ಕೋಡ್ ಬಂದಿದ್ದು, ಕೂಲಂಟ್ ಇನ್ನೂ 60 ಡಿಗ್ರಿ ತೋರಿಸುತ್ತಿದ್ದರೆ ಮೊದಲು ನೋಡಬೇಕಾದ್ದು ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯನ್ನು ಹದದಲ್ಲಿಡುವ ವಾಲ್ವ್. ಬೇಸಿಗೆಯಲ್ಲಿ ಹೀಟ್ ಆಗುತ್ತದೆಂದು ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಹಳೆಯ ರೂಢಿ ನಮ್ಮಲ್ಲಿದೆ. ಹಳೆಯ ಎಂಜಿನ್‌ಗಳು ಅದನ್ನು ಹೇಗೋ ತಡೆದುಕೊಂಡವು. ಬಿಎಸ್–6 ಎಂಜಿನ್ ಸರಿಯಾಗಿ ಬಿಸಿಯಾಗದಿದ್ದರೆ ಡಿಪಿಎಫ್ ಮಸಿ ಸುಡುವ ಕೆಲಸವನ್ನೇ ಶುರು ಮಾಡುವುದಿಲ್ಲ. ಕೆಲವು ನೂರು ರೂಪಾಯಿಯ ಥರ್ಮೋಸ್ಟಾಟ್ ಇಲ್ಲದೆ ಎಷ್ಟೋ ಪಟ್ಟು ದುಬಾರಿಯಾದ ಫಿಲ್ಟರ್ ಹಾಳಾಗುತ್ತದೆ.

ಮಸಿ ಸುಡಲು ಫಿಲ್ಟರ್ ಒಳಗೆ ಸುಮಾರು 600 ಡಿಗ್ರಿ ಬಿಸಿ ಬೇಕು. ಅದಕ್ಕೆ ಗಾಡಿ 50–60 ಕಿ.ಮೀ. ವೇಗದಲ್ಲಿ 15–20 ನಿಮಿಷ ಒಂದೇ ಸಮನೆ ಓಡಬೇಕು. ಟೊಮೆಟೊ ಸೀಸನ್‌ನಲ್ಲಿ ಕೋಲಾರದ ಎಪಿಎಂಸಿ ಮುಂದೆ ಎಂಜಿನ್ ಆನ್ ಇಟ್ಟುಕೊಂಡು ಸಾಲಿನಲ್ಲಿ ನಿಲ್ಲುವ ಗಾಡಿಗೆ, ಊರೊಳಗೇ ನಾಲ್ಕು ಕಿ.ಮೀ.ಗೊಮ್ಮೆ ನಿಂತು ಹಾಲು ಇಳಿಸುವ ಗಾಡಿಗೆ ಆ ಅವಕಾಶವೇ ಸಿಗುವುದಿಲ್ಲ. ಸುಡುತ್ತಿರುವಾಗಲೇ ಕೀ ಆಫ್ ಮಾಡುತ್ತಾ ಬಂದರೆ ಅದಕ್ಕೆಂದು ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದರೆ, ಮೂಗಿಗೆ ಡೀಸೆಲ್ ವಾಸನೆ ಬಂದರೆ ಇದೇ ಕಾರಣ ಇರಬಹುದು. ಮೇಲಿನ ಗೆರೆ ದಾಟಿದ್ದರೆ ಆಯಿಲ್ ಬದಲಿಸದೆ ಸ್ಕ್ಯಾನರ್‌ನಿಂದ ರೀಜನರೇಷನ್ (ಮಸಿ ಸುಡಿಸುವ ಆದೇಶ) ಕೊಡಲೇಬಾರದು. ಹಾಕುವ ಆಯಿಲ್ ಕೂಡ ಕೈಪಿಡಿಯಲ್ಲಿ ಹೇಳಿದ ಕಡಿಮೆ ಬೂದಿಯ ದರ್ಜೆಯದ್ದೇ ಇರಬೇಕು. ಮಸಿ ಸುಡುತ್ತದೆ, ಆಯಿಲ್‌ನಿಂದ ಬಂದ ಬೂದಿ ಸುಡುವುದಿಲ್ಲ, ಫಿಲ್ಟರ್‌ನಲ್ಲೇ ಉಳಿದುಬಿಡುತ್ತದೆ. ಇನ್ನೊಂದು ಎಚ್ಚರಿಕೆ: ನಿಲ್ಲಿಸಿ ರೀಜನರೇಷನ್ ಕೊಡುವಾಗ ಗಾಡಿ ಒಣಹುಲ್ಲು, ಬಣವೆ, ಗೋಣಿಚೀಲದ ಹತ್ತಿರ ಇರಬಾರದು.

ಡಿಪಿಎಫ್ ಕೋಡ್ ಬಂದ ಮಾತ್ರಕ್ಕೆ ಫಿಲ್ಟರೇ ತುಂಬಿದೆ ಎನ್ನಲಾಗದು. ಫಿಲ್ಟರ್‌ನ ಹಿಂದು ಮುಂದಿನ ಒತ್ತಡ ಅಳೆಯುವ ಸಣ್ಣ ಸೆನ್ಸರ್‌ಗೆ ಎರಡು ರಬ್ಬರ್ ಹೋಸ್ ಹೋಗಿರುತ್ತವೆ. ಬಿಸಿಗೆ ಆ ಹೋಸ್ ಗಡುಸಾಗಿ ಕ್ಲಿಪ್ಪಿನ ಅಡಿಯಲ್ಲೇ ಸೀಳುತ್ತದೆ. ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ, ಕ್ಲಿಪ್ ಸರಿಸಿ ಬೆರಳಲ್ಲಿ ಬಗ್ಗಿಸಿದಾಗ ಕೂದಲೆಳೆಯಷ್ಟು ಬಿರುಕು ಬಾಯಿ ಬಿಡುತ್ತದೆ, ಸುತ್ತ ಕಪ್ಪು ಮಸಿ ಇರುತ್ತದೆ. ಎಂಜಿನ್ ಕಡೆಯ ಹೋಸ್ ಸೀಳಿದ್ದರೆ ಒತ್ತಡ ಕಡಿಮೆ ಕಂಡು, ಫಿಲ್ಟರೇ ಇಲ್ಲವೇನೋ ಎಂಬಂತೆ ಇಸಿಯು ಲೆಕ್ಕ ಹಾಕುತ್ತದೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ರೀಡಿಂಗ್ ನೋಡಿ. ಸೊನ್ನೆ ಅಥವಾ ಸೊನ್ನೆಯ ಆಸುಪಾಸು ಇರಬೇಕು. ಆಗಲೂ ದೊಡ್ಡ ಸಂಖ್ಯೆ ತೋರಿಸುತ್ತಿದ್ದರೆ ದೋಷ ಸೆನ್ಸರ್‌ನದು ಅಥವಾ ವೈರಿಂಗ್‌ನದು.

ಇದೇ ರೀತಿ ಟರ್ಬೊ ಒತ್ತಡ ಸಾಲದೆಂಬ ಪಿ0299 ಬಂದು, ಲೋಡ್ ಹಾಕಿ ಏರು ಹತ್ತುವಾಗ ಗಾಡಿ ಎಳೆಯದಿದ್ದರೆ ಟರ್ಬೊಗೆ ಕೈ ಹಾಕುವ ಮೊದಲು ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿ ತಣಿಸುವ ಭಾಗ) ಹೋಸ್‌ಗಳ ತಳಭಾಗ ಒರೆಸಿ ನೋಡಿ. ಆಯಿಲ್ ಪಸೆ ಇರುವ ಕಡೆ ಸೋರಿಕೆ ಇರಬಹುದು. ಎರಡೂ ತುದಿ ಮುಚ್ಚಿ, 1 ಬಾರ್ ಮೀರದಂತೆ ಗಾಳಿ ಕೊಟ್ಟು, ಸೋಪಿನ ನೀರು ಹಾಕಿದರೆ ಗುಳ್ಳೆ ಏಳುತ್ತದೆ. ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಕಡಿಮೆ ತೋರಿಸಿದರೆ ಅದು ಕೆಟ್ಟಿದೆ ಎಂಬ ತಪ್ಪು ತಿಳಿವಳಿಕೆ ನಮ್ಮ ಕಡೆ ಇದೆ. ಎಂಜಿನ್ ನಿಂತಿರುವಾಗ ಅದು ಮಂಗಳೂರಿನಲ್ಲಿ 100 ಕಿಲೋಪ್ಯಾಸ್ಕಲ್ ಸುತ್ತಮುತ್ತ ತೋರಿಸಿದರೆ ಬೆಂಗಳೂರಿನಲ್ಲಿ 91 ಸುತ್ತಮುತ್ತ ತೋರಿಸುತ್ತದೆ. ಊರು ಎತ್ತರದಲ್ಲಿರುವುದೇ ಕಾರಣ. ಇದನ್ನು ನೋಡಿ ಒಳ್ಳೆಯ ಸೆನ್ಸರ್ ಕಿತ್ತೆಸೆಯಬೇಡಿ.

ಸಂಬಂಧವೇ ಇಲ್ಲದ ಮೂರು ನಾಲ್ಕು ಕೋಡ್ ಒಟ್ಟಿಗೆ ಬಂದರೆ ಅಷ್ಟೂ ಸೆನ್ಸರ್ ಒಂದೇ ದಿನ ಕೆಟ್ಟಿರುವುದಿಲ್ಲ. ಮೊದಲು ಕರೆಂಟ್ ನೋಡಬೇಕು. ನಿಂತ ಗಾಡಿಯಲ್ಲಿ ಬ್ಯಾಟರಿ 12.4 ವೋಲ್ಟ್‌ಗಿಂತ ಕಡಿಮೆ ಇರಬಾರದು, ಸ್ಟಾರ್ಟ್ ಆದ ಮೇಲೆ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೈನಸ್ಸಿಗೂ ಎಂಜಿನ್ ಬ್ಲಾಕ್‌ಗೂ ಮೀಟರ್ ಹಿಡಿದರೆ 0.2 ವೋಲ್ಟ್ ದಾಟಬಾರದು. ದಾಟಿದರೆ ಅರ್ಥ್ ವೈರ್ ತುಕ್ಕು ಹಿಡಿದಿರಬಹುದು ಅಥವಾ ಸಡಿಲವಾಗಿರಬಹುದು. ಅದೂ ಸರಿಯಿದ್ದರೆ 5 ವೋಲ್ಟ್ ಸಪ್ಲೈ ನೋಡಿ. ಹಲವು ಸೆನ್ಸರ್‌ಗಳಿಗೆ ಅದು ಒಂದೇ ಲೈನಿನಲ್ಲಿ ಹೋಗುವುದರಿಂದ ಒಂದು ಶಾರ್ಟ್ ಆದರೆ ಉಳಿದವೂ ಬೀಳುತ್ತವೆ. ಒಂದೊಂದೇ ಸೆನ್ಸರ್‌ನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚುತ್ತಾ ಬನ್ನಿ, ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬರುತ್ತದೋ ಅದೇ ಕಳ್ಳ. ಮಲೆನಾಡಿನಲ್ಲಿ ಮಳೆಗಾಲದ ತೇವ, ಎಲ್ಲ ಕಡೆಯೂ ಇಲಿ ಕಡಿದ ವೈರು, ಪ್ರೆಷರ್ ವಾಷರ್ ನೀರು ಹೊಕ್ಕ ಕಪ್ಲರ್ ಇವನ್ನೂ ಮರೆಯಬಾರದು.

ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ವಾಪಸ್ ಬಿಡುವ ಇಜಿಆರ್ ವಾಲ್ವ್ ಕಾರ್ಬನ್ ಕಟ್ಟಿ ತೆರೆದೇ ನಿಂತರೆ ಹೊಗೆ ಹೆಚ್ಚಾಗಿ ಡಿಪಿಎಫ್ ಬೇಗ ತುಂಬುತ್ತದೆ. ಏರ್ ಫಿಲ್ಟರ್ ಕಟ್ಟಿದರೂ, ಇಂಜೆಕ್ಟರ್ ಸೋರಿದರೂ ಹಾಗೆಯೇ. ಇವನ್ನು ಬಿಟ್ಟು ಡಿಪಿಎಫ್ ಮಾತ್ರ ತೊಳೆಸಿದರೆ ಲೈಟ್ ಮತ್ತೆ ಬಂದೇ ಬರುತ್ತದೆ. ಸಿಎನ್‌ಜಿ ಪಿಕಪ್‌ನಲ್ಲಿ ಲೈಟ್ ಮಿನುಗುತ್ತಿದ್ದರೆ ಅದು ಮಿಸ್‌ಫೈರ್, ಅಂದರೆ ಸಿಲಿಂಡರ್‌ನಲ್ಲಿ ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ. ಸುಡದ ಗ್ಯಾಸ್ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನು ಸುಟ್ಟುಹಾಕುತ್ತದೆ, ಕೂಡಲೇ ಬದಿಗೆ ನಿಲ್ಲಿಸಿ.

ಡಿಪಿಎಫ್ ಖಾಲಿ ಮಾಡಿಸಿ ಇಸಿಯು ಸಾಫ್ಟ್‌ವೇರ್ ತಿದ್ದಿಸುವ ದಾರಿ ಹಿಡಿಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಯನ್ನು ಒಪ್ಪುವುದಿಲ್ಲ, ಶಿಕ್ಷೆ ಗಾಡಿ ಮಾಲೀಕನಿಗೆ. ಆ ಹೊಗೆ ಕುಡಿಯುವವರು ಮಂಡಿಯ ಹಮಾಲರು ಮತ್ತು ನಮ್ಮದೇ ಮಕ್ಕಳು.

ಕೆಲಸ ಮುಗಿದ ಮೇಲೆ ಗ್ಯಾರೇಜ್ ಮುಂದೆ ಐಡಲ್‌ನಲ್ಲಿ ನೋಡಿ ಒಪ್ಪಿಕೊಳ್ಳಬೇಡಿ. ಫ್ರೀಜ್ ಫ್ರೇಮ್‌ನಲ್ಲಿದ್ದ ಅದೇ ವೇಗ, ಅದೇ ಲೋಡ್‌ನಲ್ಲಿ ಒಮ್ಮೆ ಓಡಿಸಿ, ವಾಪಸ್ ಬಂದು ಪೆಂಡಿಂಗ್ ಕೋಡ್ ಇದೆಯೇ ಎಂದು ಮತ್ತೆ ಸ್ಕ್ಯಾನ್ ಮಾಡಿಸಿ. ಇಸಿಯು ಯಾವ ಪರೀಕ್ಷೆ ಮುಗಿಸಿದೆ ಎಂದು ಸ್ಕ್ಯಾನರ್ ತೋರಿಸುವ ರೆಡಿನೆಸ್ ಪಟ್ಟಿಯಲ್ಲಿ ಆ ವ್ಯವಸ್ಥೆಯ ಪರೀಕ್ಷೆ ಪೂರ್ಣಗೊಂಡಿದೆ ಎಂದು ಕಂಡ ಮೇಲೆ ಬಾಕಿ ಹಣ ಕೊಡಿ.

– ಸರಕು ವಾಹನ ಮೆಕ್ಯಾನಿಕ್, ಕೋಲಾರ