ಪುಕ್ಕಟೆ ಲಿನಕ್ಸ್‌ಗೆ 700 ರೂಪಾಯಿ ಯಾಕೆ? ಮಂಡ್ಯದ ನಮ್ಮ ಗ್ರಾಹಕರಿಗೊಂದು ಪತ್ರ

ಮಾನ್ಯರೇ, ನಮಸ್ಕಾರ.

ಸುತ್ತಿ ಬಳಸಿ ಹೇಳುವುದಿಲ್ಲ. ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಕೊಡುವುದಿಲ್ಲ. ಹೊಸಬರಿಗೂ ಇಲ್ಲ, ಹಳೇ ಅಂಗಡಿಯ ಮೆಟ್ಟಿಲು ಹತ್ತಿದ ಕಾಲದಿಂದ ಬರುತ್ತಿರುವ ನಿಮಗೂ ಇಲ್ಲ, ನಮ್ಮ ಭಾವಮೈದುನನಿಗೂ ಇಲ್ಲ. (ಅವನಿಗೆ ಆಗಲೇ ಹೇಳಿಯಾಗಿದೆ. ಒಂದು ವಾರ ಮಾತು ಬಿಟ್ಟಿದ್ದ.) ಲೈಸೆನ್ಸ್ ಇರುವ ವಿಂಡೋಸೇ ಬೇಕೆಂದರೆ ತರಿಸಿ, ಬಿಲ್ಲು ಕೊಟ್ಟು ಹಾಕುತ್ತೇವೆ. ಬೇಡವೆಂದರೆ ಲಿನಕ್ಸ್ ಮಿಂಟ್ (ವಿಂಡೋಸಿನ ಬದಲು ಯಂತ್ರ ನಡೆಸುವ ಲಿನಕ್ಸಿನ ಒಂದು ಬಗೆ) ಹಾಕುತ್ತೇವೆ, ಅದರ ಕೂಲಿ 700 ರೂಪಾಯಿ. ನಾವು ಮಾರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪುಗಳೂ ಇನ್ನು ಮೇಲೆ ಮಿಂಟ್ ಹಾಕಿಕೊಂಡೇ ಬರುತ್ತವೆ.

ಇಷ್ಟು ದಿನ ನೀವೇ ಹಾಕುತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಹಾಕುತ್ತಿದ್ದೆವು. ಇಲ್ಲ ಅಂದರೆ ವಿ.ವಿ. ರಸ್ತೆಯಲ್ಲಿ ನಿಂತವರೆಲ್ಲ ನಗುತ್ತಾರೆ. 400 ರೂಪಾಯಿಗೆ ಫಾರ್ಮ್ಯಾಟ್ ಹೊಡೆದು, ಪೆನ್‌ಡ್ರೈವಿನಿಂದ ವಿಂಡೋಸ್ ಹಾಕಿ, ಲೈಸೆನ್ಸ್ ಇದೆಯೆಂದು ವಿಂಡೋಸನ್ನೇ ನಂಬಿಸುವ ಆಕ್ಟಿವೇಟರ್ ಓಡಿಸಿ, ಸಂಜೆಯೊಳಗೆ ಕೈಗೆ ಕೊಡುತ್ತಿದ್ದೆವು. ಆ ಆಕ್ಟಿವೇಟರ್ ಕೆಲಸ ಮಾಡಬೇಕಾದರೆ ಮೊದಲು ಆ್ಯಂಟಿವೈರಸ್ ಆಫ್ ಮಾಡಬೇಕು. ಮನೆಯ ನಾಯಿಯನ್ನು ಕಟ್ಟಿಹಾಕಿ ಅಂತ ಮನೆಗೆ ಬಂದವನೇ ಹೇಳಿದ ಹಾಗೆ. ಇಷ್ಟು ವರ್ಷ ಅದರ ಬಗ್ಗೆ ಯೋಚಿಸದೆ ಇದ್ದದ್ದಕ್ಕೆ ನಮಗೇ ನಾಚಿಕೆ ಇದೆ. ಕಳೆದ ವರ್ಷ ಒಂದು ಫೋಟೋ ಸ್ಟುಡಿಯೋದ ಸಿಸ್ಟಮ್ಮಿನಲ್ಲಿ ಎರಡು ಮದುವೆಗಳ ಫೋಟೋಗಳಿಗೆ ಬೀಗ ಬಿತ್ತು, ಬೀಗ ತೆಗೆಯಲು ದುಡ್ಡು ಕೊಡಿ ಎಂಬ ಚೀಟಿ ಪರದೆ ಮೇಲೆ ಬಂತು. ಅದು ನಮ್ಮ ಪೆನ್‌ಡ್ರೈವಿನಿಂದಲೇ ಬಂತೆಂದು ಯಾರೂ ಸಾಬೀತು ಮಾಡಲಿಲ್ಲ. ಅಲ್ಲವೆಂದು ಎದೆ ಮುಟ್ಟಿ ಹೇಳಲು ನಮಗೂ ಆಗಲಿಲ್ಲ. ಆವತ್ತು ರಾತ್ರಿ ಊಟ ಸೇರಲಿಲ್ಲ.

ಕಾನೂನಿನ ಮಾತೂ ಇದೆ. ಕಳ್ಳ ಪ್ರತಿ ಎಂದು ಗೊತ್ತಿದ್ದೂ ಬಳಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಲ್ಲಿ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಹೆದರಿಸಲು ಹೇಳುತ್ತಿಲ್ಲ. 400 ರೂಪಾಯಿ ಕೂಲಿಗೆ ಇದೆಲ್ಲ ನಮಗೂ ಬೇಡ, ನಿಮಗೂ ಬೇಡ.

ಈಗಲೇ ಯಾಕೆ ಎಂದರೆ, 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಮನೆಬಳಕೆಯವರಿಗೆ ಅದೂ 2026ರ ಅಕ್ಟೋಬರ್ 13ಕ್ಕೆ ಮುಗಿಯುತ್ತದೆ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿರಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಜನರೇಷನ್ ಅಥವಾ ಅದರಿಂದೀಚೆಗಿನ ಪ್ರೊಸೆಸರ್ ಬೇಕು. ನಮ್ಮ ಬೆಂಚಿಗೆ ಬರುವುದು ಬಹುಪಾಲು 4ನೇ, 5ನೇ ಜನರೇಷನ್ನಿನವು. ಕೀಬೋರ್ಡ್ ಚೆನ್ನಾಗಿದೆ, ಪರದೆ ಚೆನ್ನಾಗಿದೆ, ಆದರೂ ಗುಜರಿಗೆ ಹಾಕಿ ಎಂದು ಹೇಳಲು ಬಾಯಿ ಬರುವುದಿಲ್ಲ. ಇನ್ನೂ ಹಾಲು ಕೊಡುವ ಹಸುವನ್ನು ಕಟುಕನಿಗೆ ಯಾರು ಕೊಡುತ್ತಾರೆ?

ಇನ್ನು ದರದ ಮಾತು. ನಮ್ಮ ಮೇಲೆ ಬರುವ ಆಪಾದನೆಗಳಲ್ಲಿ ಎರಡಂತೂ ನಮ್ಮ ಕೈಯಲ್ಲೇ ಇಲ್ಲದವು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಯಿತಲ್ಲ, ನೀವು ಮಾತ್ರ ಯಾಕೆ ಇಳಿಸಲಿಲ್ಲ ಎಂದು ದಸರಾ ಪೂರ್ತಿ ಕೇಳಿಸಿಕೊಂಡೆವು. ದೊಡ್ಡ ಟಿ.ವಿ., ಏ.ಸಿ.ಗಳು ಶೇಕಡ 28ರಿಂದ 18ಕ್ಕೆ ಇಳಿದವು. ಲ್ಯಾಪ್‌ಟಾಪು, ಡೆಸ್ಕ್‌ಟಾಪು ಮೊದಲೇ ಶೇಕಡ 18ರಲ್ಲಿದ್ದವು, ಈಗಲೂ ಅಲ್ಲೇ ಇವೆ. ಇಳಿಸಲು ಏನಿತ್ತು? ಎರಡನೆಯದು ರ‍್ಯಾಮ್. ಅದೇ ವರ್ಷದ ಕೊನೆಯಿಂದ ರ‍್ಯಾಮ್ ದರ ಏರಿದ್ದು ನಾವು ಏರಿಸಿದ್ದಲ್ಲ. ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ಪು ಬೇಕಾಗಿ, ತಯಾರಕರು ಆ ಕಡೆ ತಿರುಗಿದರು. ಅಮೆರಿಕದಲ್ಲಿ ಯಾರೋ ಯಂತ್ರಕ್ಕೆ ಮಾತು ಕಲಿಸಿದರೆ ಮಂಡ್ಯದ ನೂರಡಿ ರಸ್ತೆಯಲ್ಲಿ 8 ಜಿಬಿ ರ‍್ಯಾಮ್ ತುಟ್ಟಿಯಾಗುತ್ತದೆ! ಬೆಳಗಿನ ರೈಲು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ನಿನ್ನೆ ಫೋನಿನಲ್ಲಿ ಹೇಳಿದ ದರ ಇವತ್ತು ಇಲ್ಲ ಎನ್ನಿಸಿಕೊಂಡು ಬರಿಗೈಯಲ್ಲಿ ವಾಪಸ್ ಬಂದ ದಿನಗಳೂ ಇವೆ. ಆವತ್ತಿನ ಖರ್ಚನ್ನು ಯಾರ ಬಿಲ್ಲಿಗೂ ಹಾಕಿಲ್ಲ. ಇದೊಂದನ್ನು ದಯವಿಟ್ಟು ನೆನಪಿಡಿ.

ಈಗ ದಿನಕ್ಕೆ ನಾಲ್ಕು ಸಲವಾದರೂ ಕೇಳುವ ಪ್ರಶ್ನೆಗೆ ಬರುತ್ತೇನೆ. "ಲಿನಕ್ಸ್ ಪುಕ್ಕಟೆ ಸಿಗ್ತದಂತಲ್ಲಣ್ಣ, ಅದುಕ್ಕೆ ಏಳ್ನೂರು ಯಾಕೆ?"

ಸಿಗುತ್ತದೆ, ನಿಜವಾಗಿಯೂ ಪುಕ್ಕಟೆ. ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ 1991ರಲ್ಲಿ ಶುರುಮಾಡಿದ್ದು. ಅದರ ಮೂಲ ಬರಹವನ್ನು (ಸೋರ್ಸ್ ಕೋಡ್) ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಮನೆಯಲ್ಲಿ ಮಕ್ಕಳಿಗೆ ಗೊತ್ತಿದ್ದರೆ ನೀವೇ ಡೌನ್‌ಲೋಡ್ ಮಾಡಿ ಹಾಕಿಕೊಳ್ಳಿ. ಖಾಲಿ ಪೆನ್‌ಡ್ರೈವ್ ತಂದರೆ ನಾವೇ ಕಾಪಿ ಮಾಡಿಕೊಡುತ್ತೇವೆ, ಅದಕ್ಕೆ ಒಂದು ರೂಪಾಯಿಯೂ ಬೇಡ. ಹೊಳೆ ನೀರು ಯಾರಪ್ಪನದೂ ಅಲ್ಲ. ಹೊತ್ತು ತಂದು ನಿಮ್ಮ ಮನೆಯ ಹಂಡೆ ತುಂಬಿಸಿದವನಿಗೆ ಕೂಲಿ ಇದೆ, ಅಷ್ಟೇ.

ಆ ಹೊರುವ ಕೆಲಸ ಎಷ್ಟೆಂದು ಕೌಂಟರಿನ ಆಚೆ ನಿಂತರೆ ಕಾಣುವುದಿಲ್ಲ. ಮಿಂಟ್ ಹಾಕುವುದು ಅರ್ಧ ಗಂಟೆಯ ಕೆಲಸ, ಒಪ್ಪಿದೆ. ಅದಕ್ಕೂ ಮೊದಲು ನಿಮ್ಮ ಡೇಟಾ ತೆಗೆಯಬೇಕು. ಹತ್ತು ವರ್ಷದ ಹಾರ್ಡ್‌ಡಿಸ್ಕಿನಲ್ಲಿ ಬ್ಯಾಡ್ ಸೆಕ್ಟರ್ (ಕೆಟ್ಟುಹೋದ ಜಾಗ) ಇದ್ದರೆ ಕಾಪಿ ಆಗುವುದು ಎತ್ತಿನಗಾಡಿ ಹೋದ ಹಾಗೆ. ರಾತ್ರಿ ಹಾಕಿ ಹೋದದ್ದು ಬೆಳಿಗ್ಗೆ ಬಂದು ನೋಡಿದರೆ ಅರ್ಧಕ್ಕೆ ನಿಂತಿರುತ್ತದೆ. ಮಗಳ ನಾಮಕರಣದ ಫೋಟೋ 'ನ್ಯೂ ಫೋಲ್ಡರ್'ನೊಳಗಿನ 'ನ್ಯೂ ಫೋಲ್ಡರ್'ನಲ್ಲಿ ಇರುತ್ತದೆ, ಅದನ್ನು ಹುಡುಕಬೇಕು. ಕೆಲವು ಹಳೇ ಲ್ಯಾಪ್‌ಟಾಪುಗಳ ವೈಫೈ ಲಿನಕ್ಸ್ ಹಾಕಿದ ತಕ್ಷಣ ಏಳುವುದಿಲ್ಲ. ಫೋನಿಗೆ ಯುಎಸ್‌ಬಿ ಚುಚ್ಚಿ, ಅದರ ನೆಟ್ಟಿನಿಂದ ಡ್ರೈವರ್ ಇಳಿಸಬೇಕು. ಆಮೇಲೆ ಪ್ರಿಂಟರು. ಕೆಲವು ತಂತಿ ಚುಚ್ಚಿದೊಡನೆ ಓಡುತ್ತವೆ. ಆದರೆ ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣುವ ಒಂದು ಪುಟ್ಟ ಲೇಸರ್ ಪ್ರಿಂಟರ್ ಇದೆಯಲ್ಲ, ಅದು ಲಿನಕ್ಸಿನಲ್ಲಿ ಒಂದು ಪುಟ ಉಗುಳಬೇಕಾದರೆ ನಮ್ಮ ಹುಡುಗರು ಅರ್ಧ ದಿನ ತಪಸ್ಸು ಮಾಡಬೇಕು. ಅದಕ್ಕೆಂದು ಹೆಚ್ಚು ಕೂಲಿ ಕೇಳಿಲ್ಲ, ಕೇಳುವುದೂ ಇಲ್ಲ.

ಕಡೆಗೆ ಪಾಠ. ಇದೇ ದೊಡ್ಡ ಕೆಲಸ. ಫೈಲು ಎಲ್ಲಿ ಹೋಗುತ್ತದೆ, ವರ್ಡ್ ಬದಲು ಲಿಬ್ರೆ ಆಫೀಸ್ ಹೇಗೆ ತೆರೆಯಬೇಕು, ಅಪ್‌ಡೇಟಿನ ಗುರಾಣಿ ಚಿಹ್ನೆ ಬಂದರೆ ಏನು ಒತ್ತಬೇಕು, ಇಷ್ಟನ್ನೂ ನಿಮ್ಮ ಪಕ್ಕ ಕೂತು ಒಂದು ಗಂಟೆ ತೋರಿಸುತ್ತೇವೆ. ಮೂರು ತಿಂಗಳು ಫೋನಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತೇವೆ. 400 ರೂಪಾಯಿಯ ಕ್ರ್ಯಾಕ್ ಕೆಲಸದಲ್ಲಿ ಇದು ಯಾವುದೂ ಇರಲಿಲ್ಲ. ಆರು ತಿಂಗಳಿಗೊಮ್ಮೆ ನೀವು ಮತ್ತೆ ವೈರಸ್ ಹಿಡಿಸಿಕೊಂಡು ಬರುತ್ತಿದ್ದಿರಿ, ನಮಗೆ ಮತ್ತೆ 400. ವ್ಯಾಪಾರದ ಲೆಕ್ಕದಲ್ಲಿ ನಮಗೆ ಅದೇ ಲಾಭವಿತ್ತು.

ಲಿನಕ್ಸ್ ಎಲ್ಲರಿಗೂ ಆಗುತ್ತದಾ? ಆಗುವುದಿಲ್ಲ. ಇದನ್ನು ನಮ್ಮ ಬಾಯಿಂದಲೇ ಕೇಳಿ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಮಂಡಿಯವರು ವಿಂಡೋಸಿನಲ್ಲೇ ಇರಿ. ಟೆಂಡರಿಗೆ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಚುಚ್ಚುವ ಕಂಟ್ರಾಕ್ಟರುಗಳು, ಹೆಬ್ಬೆಟ್ಟಿನ ಯಂತ್ರ ಇಟ್ಟುಕೊಂಡಿರುವ ಸೇವಾ ಕೇಂದ್ರದವರು, ಆಟೋಕ್ಯಾಡ್ ಬೇಕಾದ ಎಂಜಿನಿಯರುಗಳು, ಫೋಟೋಶಾಪಿನಲ್ಲಿ ಆಲ್ಬಮ್ ಮಾಡುವ ಸ್ಟುಡಿಯೋದವರು, ನೀವೂ ಅಷ್ಟೇ. ನಿಮಗೆ ಲೈಸೆನ್ಸ್ ಇರುವ ವಿಂಡೋಸೇ ಸರಿ. ಅದು ದುಡಿಯುವ ಯಂತ್ರ, ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸಿದಂತೆ ಅದಕ್ಕೂ ಖರ್ಚು ಮಾಡಿ.

ಉಳಿದವರು? ಮನೆಯಲ್ಲಿ ಪಹಣಿ ನೋಡುವುದು, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವುದು, ಮಗನ ಕೆಇಎ ಫಾರಂ ತುಂಬುವುದು, ಬ್ಯಾಂಕು, ಯೂಟ್ಯೂಬು, ಒಂದೆರಡು ಪತ್ರ ಟೈಪು ಮಾಡುವುದು. ಇವೆಲ್ಲ ನಡೆಯುವುದು ಬ್ರೌಸರಿನಲ್ಲಿ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಮಿಂಟ್‌ನಲ್ಲಿ ಓಡುತ್ತವೆ. 4 ಜಿಬಿ ರ‍್ಯಾಮಿನ ಹಳೇ ಯಂತ್ರಕ್ಕೆ ಒಂದು ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿಗಿಂತ ವೇಗದ ಡಿಸ್ಕು) ಹಾಕಿದರೆ ಲಗುಬಗೆಯಿಂದ ಏಳುತ್ತದೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಹೊಸದು, ಹೆದರಿಕೆ ಎನ್ನುವವರಿಗೆ ಒಂದು ಮಾತು: ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಇರುವುದು ಲಿನಕ್ಸ್ ಕರ್ನಲ್ಲೇ, ಅಂದರೆ ಲಿನಕ್ಸಿನ ತಿರುಳೇ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಇದರಲ್ಲೇ ಕಲಿಯುತ್ತಿದ್ದಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಒಬ್ಬ ಗ್ರಾಹಕರ ಮಗ ನನ್ನನ್ನು ನಿಲ್ಲಿಸಿಕೊಂಡು, ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್ ಹಿಡಿದು 2017ರಲ್ಲಿ ವಿಂಡೋಸಿಗೆ ವಾಪಸ್ ಹೋಗಲು ತೀರ್ಮಾನಿಸಿತು ಗೊತ್ತಾ ಎಂದರು. ಗೊತ್ತು ಸ್ವಾಮಿ. ಅವರದು ಸಾವಿರಾರು ಯಂತ್ರಗಳ ಆಡಳಿತ ಕಚೇರಿ. ನಿಮ್ಮ ತಾಯಿಯವರದು ಒಂದು ಲ್ಯಾಪ್‌ಟಾಪು, ಅದರಲ್ಲಿ ಸುಪ್ರಭಾತ ಮತ್ತು ನಿಮ್ಮ ವೀಡಿಯೋ ಕಾಲು.

ಕನ್ನಡದ ಚಿಂತೆ ಇರುವ ಮೇಷ್ಟ್ರುಗಳಿಗೆ ಬೇರೆಯಾಗಿ ಹೇಳಬೇಕು. 'ನುಡಿ' ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಅದೇ ಕಗಪ ಕೀಲಿಮಣೆ ಮಿಂಟ್‌ನಲ್ಲೂ ಸಿಗುತ್ತದೆ, ಕೆ.ಪಿ. ರಾವ್ ಅವರ ವಿನ್ಯಾಸದ್ದೇ. ಹೊಸದಾಗಿ ಏನೂ ಕಲಿಯಬೇಕಿಲ್ಲ. ತೊಂದರೆ ಇರುವುದು ಹಳೇ ಫೈಲುಗಳಲ್ಲಿ. ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಬರೆದಿದ್ದನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಟೋಪಿ ಹಾಕಿದಂತೆ ಕಾಣುತ್ತದೆ. ಇದು ಲಿನಕ್ಸಿನ ತಪ್ಪಲ್ಲ, ಫಾಂಟ್ ಇಲ್ಲದ ವಿಂಡೋಸಿನಲ್ಲೂ ಹೀಗೇ. ಅಂಥ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸಿ ಕೊಡುತ್ತೇವೆ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಪಲ್ಟಿ ಹೊಡೆಯುತ್ತವೆ, ಒಮ್ಮೆ ಕಣ್ಣಾಡಿಸಿ ತಿದ್ದಿಕೊಳ್ಳಬೇಕು. ಅದನ್ನು ನಮ್ಮ ಹುಡುಗರಿಗಿಂತ ನೀವೇ ಚೆನ್ನಾಗಿ ಮಾಡುತ್ತೀರಿ.

ಒಂದು ಕ್ಷಮೆ ಬಾಕಿ ಇದೆ. ಉತ್ಸಾಹದಲ್ಲಿ ನಾವೊಂದು ತಪ್ಪು ಮಾಡಿದೆವು. ಡೇರಿಯೊಂದರ ಕಾರ್ಯದರ್ಶಿಗಳು ಸಿಸ್ಟಮ್ ನಿಧಾನ ಎಂದು ತಂದಿಟ್ಟು ಹೋದರು. ಅದರಲ್ಲಿ ಹಾಲಿನ ಲೆಕ್ಕದ ಸಾಫ್ಟ್‌ವೇರ್ ಇದೆ, ಅದು ವಿಂಡೋಸಿನಲ್ಲಿ ಮಾತ್ರ ಓಡುತ್ತದೆ ಎಂದು ಕೇಳಿಕೊಳ್ಳದೆ ಮಿಂಟ್ ಹಾಕಿಬಿಟ್ಟೆವು. ಮರುದಿನ ಬಟವಾಡೆ. ಬೆಳಿಗ್ಗೆ ಕ್ಯಾನು ಹಿಡಿದು ಬಂದವರ ಮುಂದೆ ಆ ಕಾರ್ಯದರ್ಶಿಗಳು ಏನು ಹೇಳಿರಬೇಕು ಎಂದು ನೆನೆದರೆ ಇವತ್ತಿಗೂ ಮೈ ಬೆವರುತ್ತದೆ. ಹಳೇ ಡಿಸ್ಕನ್ನು ಅಳಿಸದೆ ಹಾಗೇ ಎತ್ತಿಟ್ಟಿದ್ದೆವು, ಅದೊಂದು ಪುಣ್ಯ. ಬೈಕಿನಲ್ಲಿ ಊರಿಗೆ ಹೋಗಿ ಅದನ್ನೇ ವಾಪಸ್ ಹಾಕಿ, ಲೆಕ್ಕ ತೆಗೆದು, ಮಧ್ಯಾಹ್ನದ ಹೊತ್ತಿಗೆ ಹಣ ಕೊಡುವಂತಾಯಿತು. ಅವರು ಒಂದು ಮಾತು ಬೈಯಲಿಲ್ಲ, ಟೀ ಕುಡಿಸಿ ಕಳಿಸಿದರು. ಬೈದಿದ್ದರೇ ವಾಸಿ ಇತ್ತು. ಆವತ್ತಿನಿಂದ ಕೌಂಟರಿನಲ್ಲಿ ಒಂದು ಚೀಟಿ ಇಟ್ಟಿದ್ದೇವೆ. ಈ ಯಂತ್ರದಲ್ಲಿ ದಿನಾ ಏನೇನು ಕೆಲಸ ಮಾಡುತ್ತೀರಿ ಎಂದು ಬರೆದುಕೊಟ್ಟ ಮೇಲೆಯೇ ಸ್ಕ್ರೂಡ್ರೈವರ್ ಮುಟ್ಟುತ್ತೇವೆ. ಬರೆಯಲು ಬೇಸರವಾದರೆ ಬಾಯಲ್ಲಿ ಹೇಳಿ, ನಾವೇ ಬರೆದುಕೊಳ್ಳುತ್ತೇವೆ.

ಎಸ್‌ಎಸ್‌ಡಿ ಹೊಸದಾಗಿ ಹಾಕಿಸಿಕೊಂಡವರ ಹಳೇ ಡಿಸ್ಕನ್ನು 30 ದಿನ ಅಳಿಸದೆ ಇಟ್ಟಿರುತ್ತೇವೆ. ಮಿಂಟ್ ಒಗ್ಗಲಿಲ್ಲವೆಂದರೆ ಅಷ್ಟರೊಳಗೆ ಬನ್ನಿ, ಅದನ್ನೇ ಮರಳಿ ಕೂರಿಸಿಕೊಡುತ್ತೇವೆ, 700ರಲ್ಲಿ 500 ವಾಪಸ್. ಉಳಿದ 200 ಡೇಟಾ ತೆಗೆದ ಕೂಲಿ, ಅದನ್ನು ಮಾತ್ರ ಕೇಳಬೇಡಿ.

ಮೊದಲು ನೋಡಿ ಆಮೇಲೆ ಹೇಳುತ್ತೇವೆ ಎನ್ನುವವರಿಗಾಗಿ ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ಯಂತ್ರ ಆನ್ ಆಗಿಯೇ ಇರುತ್ತದೆ. ಯಾರನ್ನೂ ಕೇಳದೆ ಕೂತು ಮುಟ್ಟಿ ನೋಡಿ. ಸಂಜೆ 4ರ ಮೇಲೆ ಬಂದರೆ ನಾನೇ ಇರುತ್ತೇನೆ. ಬರುವಾಗ ನಿಮ್ಮ ಪ್ರಿಂಟರಿನ ಮಾಡೆಲ್ ನಂಬರನ್ನು ಫೋಟೋ ತೆಗೆದುಕೊಂಡು ಬನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಅಂಗಡಿಯ ಪರವಾಗಿ

ವಿ.ಸೂ.: ಮೇಲಿನ ಅಟ್ಟದಲ್ಲಿ ಹೆಸರು ಬರೆದಿಟ್ಟ ಹಳೇ ಡಿಸ್ಕುಗಳು ಹನ್ನೊಂದಿವೆ, 30 ದಿನ ಕಳೆದು ಎಷ್ಟೋ ಕಾಲವಾಯಿತು. ಒಂದರ ಮೇಲೆ 'ಮೇಷ್ಟ್ರು, ಕಬ್ಬಿನ ಲೆಕ್ಕ' ಎಂದಷ್ಟೇ ಇದೆ. ಯಾವ ಮೇಷ್ಟ್ರದೋ ತಿಳಿಯದು, ದಯವಿಟ್ಟು ಬಂದು ತೆಗೆದುಕೊಂಡು ಹೋಗಿ.