ಹಿತ್ತಲ ಗೋಡೆಗೆ ಸಿಮೆಂಟ್ ಬೇಡ

ಕಾನ್ವಿ, ವೇಲ್ಸ್

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ಹಿತ್ತಲ ಹಳೇ ಕಲ್ಲುಗೋಡೆಯ ಸಂದಿಗೆ ಸಿಮೆಂಟ್ ತುಂಬಿಸುತ್ತೇನೆ ಅಂತ ಬರೆದಿದ್ದೀರಿ. ಸ್ವಲ್ಪ ತಡೆಯಿರಿ. ಅದಕ್ಕೆ ಸುಣ್ಣದ ಗಾರೆಯೇ ಸರಿ; ಯಾಕೆಂದು ಇಲ್ಲಿನ ಕೋಟೆ ನೋಡಿದರೆ ತಿಳಿಯುತ್ತದೆ.

ಇದನ್ನು 1283ರಲ್ಲಿ ಒಂದನೇ ಎಡ್ವರ್ಡ್ ದೊರೆ ಕಟ್ಟಿಸಲು ಶುರು ಮಾಡಿದ. ಉಸ್ತುವಾರಿ ಸೇಂಟ್ ಜಾರ್ಜಿನ ಜೇಮ್ಸ್ ಎಂಬ ಮೇಸ್ತ್ರಿಯದು. ಬಂಡೆಯ ಮೇಲೆ ಎಂಟು ದುಂಡು ಬತೇರಿ. ನಮ್ಮ ಚಿತ್ರದುರ್ಗದ ಕೋಟೆಯಲ್ಲಿ ಭಾರಿ ಕಲ್ಲಿಗೆ ಕಲ್ಲು ಕಚ್ಚಿಕೊಂಡು ನಿಂತಿದೆ; ಇಲ್ಲಿ ಗೋಡೆಯ ಎರಡು ಮುಖ ಮಾತ್ರ ಜೋಡಿಸಿದ ಕಲ್ಲು, ನಡುವೆಲ್ಲ ಚೂರುಕಲ್ಲು ಮತ್ತು ಸುಣ್ಣದ ಗಾರೆ. ಬತೇರಿಗಳ ಮೈಮೇಲೆ ಓರೆಯಾಗಿ ಸುತ್ತಿ ಏರುವ ತೂತುಗಳು, ಕಟ್ಟುವಾಗ ಸಾರುವೆಯ ಮರಗಳನ್ನು ಸಿಕ್ಕಿಸಿದ್ದ ಜಾಗಗಳು. ಆ ಕಾಲದ ಗಾರೆಯವರು ಚಳಿಗಾಲಕ್ಕೆ ಕೆಲಸ ನಿಲ್ಲಿಸಿ, ಅರ್ಧ ಎದ್ದ ಗೋಡೆಯ ತಲೆಗೆ ಹುಲ್ಲು, ಗೊಬ್ಬರ ಹೊದಿಸುತ್ತಿದ್ದರು. ಹಸಿ ಗಾರೆಯ ನೀರು ಹೆಪ್ಪುಗಟ್ಟಿದರೆ ಗಾರೆ ಪುಡಿಯಾಗುತ್ತದೆ.

ಇಂಥ ಗೋಡೆ ಮಳೆನೀರು ಕುಡಿಯುತ್ತದೆ, ಸಂದಿಯ ಸುಣ್ಣದಿಂದಲೇ ಅದನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಕೂದಲೆಳೆ ಬಿರುಕಿನಲ್ಲಿ ಒಳಹೋದ ನೀರು ಅಲ್ಲೇ ನಿಲ್ಲುತ್ತದೆ. ಈ ಊರಿನ ಚಳಿಗೆ ಅದು ಹೆಪ್ಪುಗಟ್ಟಿ ಕಲ್ಲಿನ ಮುಖವನ್ನೇ ಸಿಡಿಸುತ್ತದೆ. ದುರ್ಗದಲ್ಲಿ ಹೆಪ್ಪಿನ ಭಯವಿಲ್ಲ, ಆದರೆ ನಮ್ಮ ಗೋಡೆಯ ಒಳಗಿರುವುದು ಮಣ್ಣು. ಅದು ನೆನೆದು ಜಾರಿದರೆ ಗೋಡೆ ಹೊಟ್ಟೆ ಬಿಡುತ್ತದೆ.

ಗಾರೆ ಕೆಲಸವನ್ನು ದೀಪಾವಳಿ ಕಳೆದ ಮೇಲೆ, ಬಿಸಿಲು ಇಳಿದಾಗ ಮಾಡಿಸಿ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕುದಿದು ಕಣ್ಣಿಗೆ ಹಾರುತ್ತದೆ. ಅರಳಿದ್ದನ್ನು ನೀರಿನಡಿಯಲ್ಲೇ ತಿಂಗಳಾದರೂ ಬಿಡಿ. ಒಂದು ಬಾಂಡ್ಲಿ ಸುಣ್ಣಕ್ಕೆ ಮೂರು ಬಾಂಡ್ಲಿ ಒರಟು ಮರಳು. ಮಣ್ಣು ಬೆರೆತ ಮರಳಾದರೆ ಗಾರೆ ಬಿರಿಯುತ್ತದೆ. ನೀರು ಮತ್ತೆ ಸೇರಿಸಬೇಡಿ, ಚೆನ್ನಾಗಿ ಗುದ್ದಿದರೆ ತಾನೇ ಮೆತ್ತಗಾಗುತ್ತದೆ.

ಸಂದಿಯನ್ನು ಅದರ ಅಗಲದ ಎರಡರಷ್ಟು ಆಳಕ್ಕೆ ಕೈಉಳಿಯಿಂದ ಕೆದಕಬೇಕು. ಯಂತ್ರ ಬೇಡವೇ ಬೇಡ, ಕಲ್ಲಿನ ಅಂಚು ಹೋಗುತ್ತದೆ. ಧೂಳು ತೊಳೆದು, ಕಲ್ಲು ನೀರು ಕುಡಿದ ಮೇಲೆ ಗಾರೆ ಒತ್ತಬೇಕು. ಆಳವಿದ್ದರೆ ಒಂದೇ ಸಲ ತುಂಬಬೇಡಿ, ಎರಡು ಮೂರು ಸಲ. ಹೆಬ್ಬೆರಳು ಒತ್ತಿದರೆ ತಗ್ಗು ಬೀಳದಷ್ಟು ಬಿಗಿದಾಗ ಗಟ್ಟಿ ಬ್ರಶ್‌ನಿಂದ ಬಡಿದು, ಒದ್ದೆ ಗೋಣಿಚೀಲ ಇಳಿಬಿಡಿ. ವಾರವಿಡೀ ತೇವ ಇರಲಿ. ಸುಣ್ಣ ಗಟ್ಟಿಯಾಗುವುದು ಗಾಳಿಯನ್ನು ಹೀರಿ, ಅದಕ್ಕೆ ತೇವ ಬೇಕೇ ಬೇಕು. ಬೇಗ ಒಣಗಿದರೆ ಬೆರಳಿಗೆ ಹಿಟ್ಟಿನ ಹಾಗೆ ಉದುರುತ್ತದೆ.

ಮೇಸ್ತ್ರಿ ಮೊದಲು ಒಂದು ಮೊಳ ಮಾಡಿ ತೋರಿಸಲಿ. ಫೋಟೋ ಕಳಿಸಿ, ಆಮೇಲೆ ಮುಂದುವರಿಸಿ.

ಅಮ್ಮನಿಗೆ ನಮಸ್ಕಾರಗಳು.

ನಿಮ್ಮ ಮಗ